ಓದುಗರ ಪ್ರಶ್ನೆ, ನಮ್ಮ ಉತ್ತರ: ಹಸಿ ಕಸ, ಒಣ ಕಸ, ನಡುವಿನ ಗೊಂದಲ

ಹಿಂದಿನ ಸಂಚಿಕೆಯಲ್ಲಿ ಮನೆಗಸದ ವಿಂಗಡಣೆಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಓದುಗರನ್ನು ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಅರ್ಧದಷ್ಟು ದೂರುಗಳೇ. ದೂರನ್ನೂ ಪ್ರಶ್ನೆಯೆಂದೇ ಎಣಿಸಿ, ಹೆಚ್ಚು ಜನ ಕೇಳಿದವನ್ನು ಮೊದಲು ಎತ್ತಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ನಮ್ಮ ಮನೆಯಲ್ಲಿ ಹಸಿ ಕಸ, ಒಣ ಕಸವನ್ನು ಶ್ರದ್ಧೆಯಿಂದ ಬೇರ್ಪಡಿಸಿ ಕೊಡುತ್ತೇವೆ. ಗಾಡಿಯವರು ನಮ್ಮ ಕಣ್ಣೆದುರೇ ಎರಡನ್ನೂ ಒಂದೇ ಕಡೆ ಸುರಿಯುತ್ತಾರೆ. ಹಾಗಿದ್ದ ಮೇಲೆ ನಾವೇಕೆ ಈ ಕಷ್ಟ ಪಡಬೇಕು?
— ನಿವೃತ್ತ ಶಿಕ್ಷಕರು, ಬಸವನಗುಡಿ

ನೀವು ಕಂಡದ್ದನ್ನು ನಾನು ಅಲ್ಲಗಳೆಯುವುದಿಲ್ಲ, ನಮ್ಮ ಬೀದಿಯಲ್ಲಿಯೂ ಕಂಡಿದ್ದೇನೆ. ಆದರೂ ಗಾಡಿಯನ್ನು ಒಂದೆರಡು ದಿನ ಹತ್ತಿರದಿಂದ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಆಟೊ ಟಿಪ್ಪರಿನ ದೊಡ್ಡ ತೊಟ್ಟಿ ಹಸಿ ಕಸಕ್ಕೆ ಮೀಸಲು. ಒಣ ಕಸವನ್ನು ಅನೇಕ ಬಡಾವಣೆಗಳಲ್ಲಿ ಗಾಡಿಯ ಪಕ್ಕಕ್ಕೋ ಹಿಂದಕ್ಕೋ ಕಟ್ಟಿದ ದೊಡ್ಡ ಚೀಲಗಳಿಗೆ ತುಂಬುತ್ತಾರೆ, ಇಲ್ಲವೇ ವಾರದಲ್ಲಿ ಗೊತ್ತುಪಡಿಸಿದ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುತ್ತಾರೆ. ಕೆಲವೊಮ್ಮೆ ಒಣ ಕಸದ ಚೀಲವನ್ನು ತೊಟ್ಟಿಯ ಮೇಲೆಯೇ ಎಸೆದು, ಬೀದಿಯ ಕೊನೆಯಲ್ಲಿ ಗಾಡಿ ನಿಲ್ಲಿಸಿ ಎತ್ತಿ ಬೇರೆ ಕಟ್ಟುವುದೂ ಉಂಟು. ಇದು ಒಳ್ಳೆಯ ಕ್ರಮವಲ್ಲ, ಏಕೆಂದರೆ ಅಷ್ಟರಲ್ಲಿ ಕೆಳಗಿನ ಹುಳಿ ನೀರು ರದ್ದಿ ಕಾಗದಕ್ಕೆ ಹತ್ತಿರುತ್ತದೆ. ಚೀಲವೇ ಇಲ್ಲದ ಗಾಡಿ ಬಂದು, ಎಲ್ಲವನ್ನೂ ಒಂದೇ ತೊಟ್ಟಿಗೆ ಸುರಿದು ಹೋಗುತ್ತಿದ್ದರೆ ಮಾತ್ರ ಅದು ನಿಜವಾದ ಬೆರಕೆ, ಮತ್ತು ಅದರ ಬಗ್ಗೆ ದೂರು ಕೊಡಲು ನಿಮಗೆ ಪೂರ್ತಿ ಹಕ್ಕಿದೆ.

ಈ ಹಕ್ಕು ಸುಲಭವಾಗಿ ಬಂದದ್ದಲ್ಲ. ಮಾವಳ್ಳಿಪುರದಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಾಗ, ಬೆಂಗಳೂರಿನ ಬೀದಿಗಳಲ್ಲಿ ಕಸದ ರಾಶಿಗಳು ಮೊಣಕಾಲೆತ್ತರ ಬೆಳೆದದ್ದು ನಿಮಗೆ ನೆನಪಿರಬಹುದು. ಆ ವರ್ಷ ಅಕ್ಟೋಬರ್ 1ರಿಂದ ಮನೆಯಲ್ಲಿಯೇ ಕಸ ಬೇರ್ಪಡಿಸುವುದನ್ನು ಪಾಲಿಕೆ ಕಡ್ಡಾಯ ಮಾಡಿತು. ನಗರದ ಕಸ ಸುರಿಯುತ್ತಿದ್ದ ಇನ್ನೊಂದು ಊರಾದ ಮಂಡೂರಿನ ಜನ ತಮ್ಮ ಊರಿನ ಬಾವಿಯ ನೀರು ಕೆಟ್ಟಿತು, ಗಾಳಿ ಕೆಟ್ಟಿತು ಎಂದು ರಸ್ತೆಗಿಳಿದು ಹೋರಾಡಿದ್ದರಿಂದ 2014ರ ಕೊನೆಯ ಹೊತ್ತಿಗೆ ಅಲ್ಲಿಗೆ ಲಾರಿಗಳು ಹೋಗುವುದೂ ನಿಂತಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆ ನಡೆಸಿದ ಕರ್ನಾಟಕ ಹೈಕೋರ್ಟು, 2015ರ ಡಿಸೆಂಬರ್‌ನಲ್ಲಿ, ಪ್ರತಿ ಮನೆಯಲ್ಲೂ ಎರಡು ಬುಟ್ಟಿ ಮತ್ತು ಒಂದು ಚೀಲ ಇರಬೇಕೆಂದು ಆದೇಶಿಸಿತು. ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ಪ್ಯಾಡು, ಡೈಪರು, ಬ್ಯಾಂಡೇಜುಗಳಂಥ ತ್ಯಾಜ್ಯಕ್ಕೆ, ಮತ್ತೆ ಮತ್ತೆ ಬಳಸಬಹುದಾದ ಚೀಲ ಒಣ ಕಸಕ್ಕೆ. ಅದು 2016ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಅದೇ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಮನೆಯಲ್ಲೇ ಮೂರು ಭಾಗ ಮಾಡಬೇಕೆಂದು ವಿಧಿಸಿದವು.

ಬೆರಕೆಯಾದರೆ ಏನಾಗುತ್ತದೆ ಎಂಬುದನ್ನು ಕನ್ನಹಳ್ಳಿ ಅಥವಾ ಚಿಕ್ಕನಾಗಮಂಗಲದ ಘಟಕಗಳ ಸುತ್ತಮುತ್ತ ವಾಸಿಸುವವರು ನಿಮಗಿಂತ, ನನಗಿಂತ ಚೆನ್ನಾಗಿ ಬಲ್ಲರು. ಹಸಿ ಕಸವನ್ನು ಉದ್ದನೆಯ ರಾಶಿಗಳಾಗಿ ಹಾಕಿ, ಆಗಾಗ ಮಗುಚಿ, ಕೊಳೆತ ಮೇಲೆ ಜರಡಿ ಹಿಡಿದು ಗೊಬ್ಬರ ತೆಗೆಯುವುದು ಅಲ್ಲಿನ ಕೆಲಸ. ರಾಶಿಯಲ್ಲಿ ಪ್ಲಾಸ್ಟಿಕ್ ಕವರುಗಳಿದ್ದರೆ ಗಾಳಿಯಾಡದೆ ಒಳಗೊಳಗೇ ಕೊಳೆತು ನಾರುತ್ತದೆ. ಜರಡಿಯ ಮೇಲೆ ಉಳಿದದ್ದನ್ನೆಲ್ಲ ಮತ್ತೆ ಲಾರಿಗೆ ತುಂಬಿ ಹಳೆಯ ಕಲ್ಲುಕ್ವಾರಿಯೊಂದಕ್ಕೆ ಸಾಗಿಸಬೇಕಾಗುತ್ತದೆ. ಅಂದರೆ ಬಸವನಗುಡಿಯ ಒಂದು ಬೀದಿಯ ಬೆರಕೆ ಕಸ ಇನ್ನೊಂದು ಊರಿನ ಅಂತರ್ಜಲಕ್ಕೆ ಇಳಿಯುತ್ತದೆ.

ನೀವು ಮಾಡಬಹುದಾದದ್ದು ಇಷ್ಟು. ಕಸವನ್ನು ಗೇಟಿಗೆ ನೇತುಹಾಕಿ ಒಳಗೆ ಹೋಗಬೇಡಿ. ಗಾಡಿಯ ಹಾಡು ಕೇಳಿದಾಗ ಹೊರಬಂದು ಕೈಯಿಂದ ಕೈಗೆ ಕೊಡಿ. ಒಣ ಕಸದ ದಿನ ಯಾವುದೆಂದು ಗಾಡಿಯ ಅಮ್ಮನನ್ನೋ ಅಣ್ಣನನ್ನೋ ಕೇಳಿಕೊಂಡು, ಉಳಿದ ದಿನ ಚೀಲವನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಒಣಗಿದ ಕಸ ನಾಲ್ಕು ದಿನ ಇದ್ದರೆ ನಾರುವುದಿಲ್ಲ. ಆದರೂ ಬೆರೆಸುತ್ತಿದ್ದರೆ ಗಾಡಿಯ ಸಂಖ್ಯೆ ಮತ್ತು ಸಮಯವನ್ನು ಬರೆದುಕೊಂಡು ಪೌರಕಾರ್ಮಿಕರ ಮೇಸ್ತ್ರಿಗೆ, ಅಲ್ಲಿ ಆಗದಿದ್ದರೆ ವಾರ್ಡ್ ಕಚೇರಿಗೆ ತಿಳಿಸಿ. ಒಬ್ಬರೇ ಹೋಗುವುದಕ್ಕಿಂತ ಬೀದಿಯ ಐದಾರು ಮನೆಯವರು ಸೇರಿ ಹೋದರೆ ಕೆಲಸವಾಗುವುದನ್ನು ನಾನು ನೋಡಿದ್ದೇನೆ. ಇನ್ನೊಂದು ಮಾತನ್ನು ತಪ್ಪು ತಿಳಿಯದೆ ಕೇಳಿಸಿಕೊಳ್ಳಿ: ಬೀದಿಯಲ್ಲಿ ಇಪ್ಪತ್ತು ಮನೆಯವರು ಬೆರೆಸಿಯೇ ಕೊಟ್ಟಾಗ, ನಿಮ್ಮೊಬ್ಬರ ಚೀಲಕ್ಕಾಗಿ ಪೌರಕಾರ್ಮಿಕರು ಹೆಣಗಬೇಕೆಂದು ನಿರೀಕ್ಷಿಸುವುದು ಕಷ್ಟ. ಪಕ್ಕದ ಮನೆಯವರ ಬಳಿ ಮಾತಾಡುವ ಮುಜುಗರದಿಂದಲೇ ನಾವು ಗಾಡಿಯವರ ಮೇಲೆ ಸಿಟ್ಟಾಗುತ್ತೇವೆ ಎಂದು ನನಗೆ ಆಗಾಗ ಅನ್ನಿಸಿದೆ.

ಹಾಲಿನ ಕವರು, ಮೊಸರಿನ ಡಬ್ಬಿಗಳನ್ನು ತೊಳೆದು ಕೊಡಬೇಕು ಎನ್ನುತ್ತಾರೆ. 2024ರ ಬೇಸಿಗೆಯಲ್ಲಿ ನಮಗೆ ಕುಡಿಯುವ ನೀರಿಗೇ ಟ್ಯಾಂಕರು ಕಾಯಬೇಕಾಗಿತ್ತು. ಕಸ ತೊಳೆಯಲು ನೀರು ಸುರಿಯುವುದು ಸರಿಯೇ?
— ಗೃಹಿಣಿ, ರಾಜರಾಜೇಶ್ವರಿನಗರ

ಹೊಸ ನೀರು ಬೇಡವೇ ಬೇಡ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಪಾತ್ರೆಯ ಕೊನೆಯ ಜಾಲಾಟದ ನೀರು, ಇವುಗಳಲ್ಲಿ ಯಾವುದಾದರೂ ಒಂದು ಲೋಟ ಸಾಕು. ಕವರಿನೊಳಗೆ ಸ್ವಲ್ಪ ನೀರು ಹಾಕಿ, ಕುಲುಕಿ, ಗಿಡದ ಬುಡಕ್ಕೆ ಚೆಲ್ಲಿ, ಕವರನ್ನು ಕಿಟಕಿಯ ಸರಳಿಗೋ ಬಟ್ಟೆಯ ಹಗ್ಗಕ್ಕೋ ಕ್ಲಿಪ್ಪು ಹಾಕಿ ಒಣಗಿಸಿದರೆ ಆಯಿತು. ತಳತಳ ಹೊಳೆಯುವಂತೆ ತೊಳೆಯುವ ಅಗತ್ಯವಿಲ್ಲ. ಹಾಲು ಹುಳಿಯಾಗದಿದ್ದರೆ, ಇರುವೆ ಮುತ್ತದಿದ್ದರೆ ಸಾಕು.

ಇದೇಕೆ ಮುಖ್ಯ ಎಂಬುದನ್ನು ಹೇಳಲು ನಾನು ಒಂದು ಬೆಳಗ್ಗೆ ಕಂಡದ್ದನ್ನು ಬರೆಯುತ್ತೇನೆ. ನಗರದ ದಕ್ಷಿಣ ಭಾಗದ ಒಂದು ಒಣ ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ, ತಗಡಿನ ಸೂರಿನಡಿ ಕುಳಿತ ಹೆಂಗಸೊಬ್ಬರು ಚೀಲವೊಂದನ್ನು ನೆಲಕ್ಕೆ ಸುರಿದು ಪ್ಲಾಸ್ಟಿಕ್ಕನ್ನು ಬೇರ್ಪಡಿಸುತ್ತಿದ್ದರು. ಪ್ರತಿಯೊಂದನ್ನೂ ಅವರು ನೋಡುತ್ತಲೇ ಇರಲಿಲ್ಲ. ಬೆರಳ ನಡುವೆ ಹಿಸುಕಿ ಸದ್ದು ಕೇಳುತ್ತಿದ್ದರು. ಚರಚರ ಎಂದರೆ ಒಂದು ಗುಂಪಿಗೆ, ಸದ್ದಿಲ್ಲದೆ ಮೆತ್ತಗೆ ಮಡಚಿದರೆ ಇನ್ನೊಂದಕ್ಕೆ. ಹಾಲಿನ ಕವರು ಮೆತ್ತನೆಯ ಪಾಲಿಥೀನು, ಹೊಸ ಅಂಗಿಯ ಮೇಲೆ ಬರುವ ಹೊಳಪಿನ ಕವರು ಪಾಲಿಪ್ರೊಪಿಲೀನು. ಎರಡನ್ನೂ ಕೂಡಿಸಿ ಕರಗಿಸಿದರೆ ಯಾವುದೂ ಸರಿಯಾಗಿ ಬರುವುದಿಲ್ಲ. ಅಷ್ಟರಲ್ಲಿ ತೊಳೆಯದ ಮೊಸರಿನ ಕವರೊಂದು ಅವರ ಕೈಗೆ ಬಂತು. ಸೊಳ್ಳೆ ಓಡಿಸುವಂತೆ ಮುಖ ಪಕ್ಕಕ್ಕೆ ತಿರುಗಿಸಿ, ಅದನ್ನೂ ಅದಕ್ಕೆ ಅಂಟಿಕೊಂಡಿದ್ದ ನಾಲ್ಕು ಬಿಳಿ ಹಾಳೆಗಳನ್ನೂ ಒಟ್ಟಿಗೇ ಹಿಂದಿನ ರಾಶಿಗೆ ಎಸೆದರು. ಆ ಹಾಳೆಗಳು ಬೆಳಗ್ಗೆ ಚೀಲಕ್ಕೆ ಬಿದ್ದಾಗ ಮಾರಾಟದ ಸರಕಾಗಿದ್ದವು. ಕಾಗದದ ಶತ್ರು ನೀರು ಮತ್ತು ಎಣ್ಣೆ. ಒಮ್ಮೆ ಒದ್ದೆಯಾಗಿ ಬೂಷ್ಟು ಹಿಡಿದರೆ ಮರಳಿ ಕಾಗದವಾಗುವುದಿಲ್ಲ.

ಜೊತೆಗೆ ಒಂದು ಸಣ್ಣ ಅಭ್ಯಾಸ. ಹಾಲಿನ ಕವರಿನ ಮೂಲೆಯನ್ನು ಕತ್ತರಿಸುವಾಗ ತುಂಡು ಪೂರ್ತಿ ಬೇರ್ಪಡದಂತೆ ಅರ್ಧಕ್ಕೆ ನಿಲ್ಲಿಸಿ. ಉಗುರಿನಷ್ಟು ಚಿಕ್ಕ ಆ ತ್ರಿಕೋನ ಯಾವ ಕೈಗೂ ಸಿಗದೆ ಸಿಂಕಿನ ಕೊಳವೆಗೋ ಹಸಿ ಕಸಕ್ಕೋ ಸೇರಿ, ಕೊನೆಗೆ ಯಾರದೋ ಹೊಲದ ಗೊಬ್ಬರದಲ್ಲಿ ಉಳಿಯುತ್ತದೆ. ಮನೆಯೊಂದಕ್ಕೆ ದಿನಕ್ಕೆ ಎರಡೆಂದರೂ ವರ್ಷಕ್ಕೆ 730 ತುಂಡುಗಳು.

ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಕವರುಗಳನ್ನು ಗುಜರಿಯವರು ಮುಟ್ಟುವುದಿಲ್ಲ. ಅವು ಒಣ ಕಸವೇ?
— ಕಾಲೇಜು ವಿದ್ಯಾರ್ಥಿನಿ, ಯಲಹಂಕ

ಒಣ ಕಸವೇ. ಅದರಲ್ಲಿ ಪ್ಲಾಸ್ಟಿಕ್ಕಿನ ಪದರಗಳು ಮತ್ತು ಕಣ್ಣಿಗೆ ಹೊಳೆಯುವ ತೆಳುವಾದ ಅಲ್ಯುಮಿನಿಯಂ ಲೇಪ ಒಂದಕ್ಕೊಂದು ಅಂಟಿರುತ್ತವೆ, ಬಿಡಿಸಲು ಬಾರದು. ಹಾಗಾಗಿ ಅದಕ್ಕೆ ಮಾರುಕಟ್ಟೆಯಿಲ್ಲ. ಸಂಗ್ರಹ ಕೇಂದ್ರಗಳಲ್ಲಿ ಇಂಥವನ್ನು ಒತ್ತಿ ಮೂಟೆ ಕಟ್ಟಿ, ಸಿಮೆಂಟ್ ಕಾರ್ಖಾನೆಗಳ ಗೂಡುಗಳಲ್ಲಿ ಕಲ್ಲಿದ್ದಲಿನ ಜೊತೆ ಉರಿಸಲು ಕಳುಹಿಸುತ್ತಾರೆ. ಇದನ್ನು ಮರುಬಳಕೆ ಎಂದು ಕರೆಯಲು ನನಗೆ ಮನಸ್ಸಿಲ್ಲ, ಆದರೆ ಬೀದಿಯ ಮೂಲೆಯಲ್ಲಿ ಸುಡುವುದಕ್ಕಿಂತ ಇದು ಎಷ್ಟೋ ಮೇಲು. ಕವರಿನೊಳಗೆ ಕವರು ತುರುಕಿ ಗಂಟು ಕಟ್ಟಬೇಡಿ. ಗಂಟು ಕಟ್ಟಿದ್ದರೆ ಬಿಚ್ಚಿ ನೋಡುವ ಕೆಲಸ ಇನ್ನೊಬ್ಬರಿಗೆ ಹೆಚ್ಚಾಗುತ್ತದೆ.

ಜ್ಯೂಸಿನ ಟೆಟ್ರಾ ಪ್ಯಾಕು, ಪಿಜ್ಜಾ ಡಬ್ಬಿ, ಕಾಗದದ ಲೋಟ, ಅಂಗಡಿಯ ಬಿಲ್ಲು: ಇವೆಲ್ಲ ಕಾಗದವೇ ತಾನೆ?
— ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಂದೂರು

ಕಾಗದದಂತೆ ಕಾಣುತ್ತವೆ, ಅಷ್ಟೆ. ಟೆಟ್ರಾ ಪ್ಯಾಕಿನಲ್ಲಿ ಸುಮಾರು ಮುಕ್ಕಾಲು ಪಾಲು ಕಾಗದ, ಉಳಿದದ್ದು ಪಾಲಿಥೀನು ಮತ್ತು ಅಲ್ಯುಮಿನಿಯಂ ಹಾಳೆ. ಅದನ್ನು ಬೇರ್ಪಡಿಸಿ ಹಲಗೆ ಮಾಡುವ ಕಾರ್ಖಾನೆಗಳಿವೆ, ಆದ್ದರಿಂದ ಜಾಲಿಸಿ, ಚಪ್ಪಟೆ ಮಾಡಿ ಒಣ ಕಸಕ್ಕೆ ಹಾಕಿ. ಪಿಜ್ಜಾ ಡಬ್ಬಿಯ ಎಣ್ಣೆ ಹತ್ತದ ಮುಚ್ಚಳವನ್ನು ಹರಿದು ರಟ್ಟಿನ ಜೊತೆ ಕೊಡಿ, ಚೀಸು ಮೆತ್ತಿದ ತಳವನ್ನು ಚೂರು ಮಾಡಿ ಹಸಿ ಕಸಕ್ಕೆ ಸೇರಿಸಿ. ಕಾಗದದ ಲೋಟದ ಒಳಮೈಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರ ಹಚ್ಚಿರುತ್ತಾರೆ, ಹಾಗಾಗಿ ಅದು ಗೊಬ್ಬರಕ್ಕೂ ಆಗದು. ನಯವಾದ ಬಿಲ್ಲು, ಎಟಿಎಂ ಚೀಟಿಗಳ ಮೇಲೆ ರಾಸಾಯನಿಕ ಲೇಪವಿರುತ್ತದೆ. ರದ್ದಿಯ ಜೊತೆ ಬೆರೆಸಬೇಡಿ.

ಪ್ಲಾಸ್ಟಿಕ್ ಕವರು ಹಾಕದೆ ಹಸಿ ಕಸದ ಬುಟ್ಟಿಯನ್ನು ಇಡುವುದು ಹೇಗೆ? ಗಲೀಜಾಗುತ್ತದೆ.
— ಹೆಸರು ಬೇಡ ಎಂದವರು, ಜಯನಗರ

ತಳಕ್ಕೆ ಹಳೆಯ ದಿನಪತ್ರಿಕೆಯ ಎರಡು ಹಾಳೆ ಹಾಸಿ, ಸಾರು, ಮಜ್ಜಿಗೆಯಂಥ ನೀರಿನ ಅಂಶವನ್ನು ಸೋಸಿ ಚೆಲ್ಲಿದ ಮೇಲೆ ಗಟ್ಟಿಯನ್ನು ಮಾತ್ರ ಬುಟ್ಟಿಗೆ ಹಾಕಿದರೆ ಬುಟ್ಟಿ ಅಷ್ಟೇನೂ ಗಲೀಜಾಗುವುದಿಲ್ಲ. ದಿನವೂ ಒಮ್ಮೆ ನೀರು ತೋರಿಸಿ ಬಿಸಿಲಿಗೆ ಮಗುಚಿಟ್ಟರೆ ವಾಸನೆಯೂ ಇರುವುದಿಲ್ಲ. ರಾಜ್ಯದಲ್ಲಿ ತೆಳು ಪ್ಲಾಸ್ಟಿಕ್ ಕೈಚೀಲಗಳನ್ನು 2016ರ ಮಾರ್ಚ್‌ನಲ್ಲೇ ನಿಷೇಧಿಸಿದ್ದರೂ, ಕಪ್ಪು ಕವರಿನಲ್ಲಿ ಕಸ ಕಟ್ಟುವ ಚಟ ಮಾತ್ರ ನಮ್ಮನ್ನು ಬಿಟ್ಟಿಲ್ಲ. ಆ ಕವರನ್ನು ಗಾಡಿಯವರು ಬರಿಗೈಯಲ್ಲಿ ಹರಿಯಬೇಕು, ಒಳಗೇನಿದೆಯೆಂದು ಅವರಿಗೆ ಗೊತ್ತಿರುವುದಿಲ್ಲ.

ಪಿಜಿಯಲ್ಲಿದ್ದೇನೆ. ಸ್ಯಾನಿಟರಿ ಪ್ಯಾಡುಗಳನ್ನು ಎಲ್ಲಿ ಹಾಕಬೇಕೆಂದು ಕೇಳಲು ಸಂಕೋಚ. ಶೌಚಾಲಯದಲ್ಲಿ ಫ್ಲಷ್ ಮಾಡಿದವರಿಂದ ಒಮ್ಮೆ ಇಡೀ ಮಹಡಿಯ ಕೊಳವೆ ಕಟ್ಟಿತ್ತು.
— ಓದುಗರು, ಕೋರಮಂಗಲ

ಸಂಕೋಚ ಬೇಡ, ಕೇಳಿದ್ದು ಒಳ್ಳೆಯದಾಯಿತು. ಪ್ಯಾಡಿನ ಹೊರಪದರ ಪ್ಲಾಸ್ಟಿಕ್ಕಿನದು. ಒಳಗೆ ನೀರನ್ನು ಹೀರಿ ಉಬ್ಬುವ ಪುಡಿಯಿರುತ್ತದೆ. ಅದು ಕೊಳವೆಯಲ್ಲಿ ಉಬ್ಬಿಯೇ ನಿಮ್ಮ ಮಹಡಿಗೆ ಆ ಗತಿ ಬಂದದ್ದು. ಬಳಸಿದ ಪ್ಯಾಡು, ಮಗುವಿನ ಅಥವಾ ಹಿರಿಯರ ಡೈಪರು, ರಕ್ತ ಹತ್ತಿದ ಹತ್ತಿ, ಇವನ್ನು ದಿನಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಒಂದು ಗುರುತು ಹಾಕಿ, ಕೆಂಪು ಬುಟ್ಟಿಗೆ ಹಾಕಿ ಪ್ರತ್ಯೇಕವಾಗಿ ಕೊಡಬೇಕು. ಡೈಪರಿನ ಮಲವನ್ನು ಮೊದಲು ಶೌಚಾಲಯಕ್ಕೆ ಹಾಕಿ ತೊಳೆಯುವುದು ಅವಶ್ಯ. ಗುರುತು ಹಾಕುವುದು ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು, ಆದರೆ ಗುರುತಿಲ್ಲದ ಪೊಟ್ಟಣವನ್ನು ವಿಂಗಡಿಸುವವರು ರಟ್ಟೋ ಕಾಗದವೋ ಎಂದು ಬಿಚ್ಚಿಯೇ ನೋಡುತ್ತಾರೆ. ಈ ಪ್ಯಾಡುಗಳನ್ನು ಸುತ್ತಿಡಲು ಚೀಲವನ್ನು ತಯಾರಕರೇ ಒದಗಿಸಬೇಕೆಂದು 2016ರ ನಿಯಮಗಳಲ್ಲಿ ಬರೆದಿತ್ತು. ಬ್ಲೇಡು, ಸೂಜಿ, ಒಡೆದ ಗಾಜು ಇದ್ದರೆ ಸುತ್ತಿದ್ದಷ್ಟೇ ಸಾಲದು, ಹಳೆಯ ಗಟ್ಟಿ ಡಬ್ಬಿಯೊಳಗೆ ಹಾಕಿ ಮುಚ್ಚಿ, ಗಾಡಿಯವರಿಗೆ ಬಾಯಿಬಿಟ್ಟು ಹೇಳಿ ಕೊಡಿ. ಮೇಲೆ ಹೇಳಿದ ಕೇಂದ್ರದಲ್ಲಿ ನಾನು ಮಾತನಾಡಿಸಿದ ಮೂವರಲ್ಲಿ ಮೂವರ ಬೆರಳಲ್ಲೂ ಹಳೆಯ ಗಾಯದ ಗೆರೆಗಳಿದ್ದವು.

ನಾವು ಹಳೇ ಪೇಪರು, ಬಾಟಲಿಗಳನ್ನು ಮನೆ ಬಾಗಿಲಿಗೆ ಬರುವ ಗುಜರಿಯವರಿಗೇ ಮಾರುತ್ತೇವೆ. ಪಾಲಿಕೆಯ ಕೇಂದ್ರಕ್ಕೆ ಕೊಡದಿರುವುದು ತಪ್ಪೇ?
— ಹಿರಿಯ ನಾಗರಿಕರು, ಮಲ್ಲೇಶ್ವರ

ಖಂಡಿತ ತಪ್ಪಲ್ಲ. ಪಾಲಿಕೆ ಮರುಬಳಕೆಯ ಮಾತೆತ್ತುವುದಕ್ಕೆ ಎಷ್ಟೋ ದಶಕಗಳ ಮುಂಚಿನಿಂದ ಈ ಊರಿನ ಕಾಗದ, ಕಬ್ಬಿಣ, ಗಾಜನ್ನು ಮರಳಿ ಕಾರ್ಖಾನೆಗೆ ಮುಟ್ಟಿಸಿದವರು ಗುಜರಿ ಅಂಗಡಿಯವರು ಮತ್ತು ಬೀದಿಯಲ್ಲಿ ಕಸ ಆಯುವವರು. 2011ರ ನಂತರದ ವರ್ಷಗಳಲ್ಲಿ ಬೆಂಗಳೂರಿನ ಪಾಲಿಕೆ ಕಸ ಆಯುವವರಿಗೆ ಗುರುತಿನ ಚೀಟಿಗಳನ್ನು ಕೊಟ್ಟಿತು. ಪೊಲೀಸರು ತಡೆದಾಗ ತೋರಿಸಲು ಕೈಯಲ್ಲಿ ಒಂದು ಚೀಟಿ ಇರುವುದು ಅವರಿಗೆ ಎಷ್ಟು ದೊಡ್ಡ ವಿಷಯವೆಂಬುದು ನಮಗೆ ತಿಳಿಯದು. ಕಸ ಆಯುವವರನ್ನು ಒಗ್ಗೂಡಿಸಿದ ಹಸಿರು ದಳದಂಥ ಸಂಸ್ಥೆಗಳ ದುಡಿಮೆಯಿಂದ, ಹಿಂದೆ ಚೀಲ ಹೊತ್ತು ಅಲೆಯುತ್ತಿದ್ದ ಹಲವರು ಇಂದು ವಾರ್ಡಿನ ಒಣ ತ್ಯಾಜ್ಯ ಕೇಂದ್ರಗಳನ್ನು ತಾವೇ ನಡೆಸುತ್ತಿದ್ದಾರೆ.

ಆದರೆ ಇಲ್ಲೊಂದು ತೊಡಕಿದೆ, ಅದನ್ನು ನಿಮ್ಮ ಮುಂದೆ ಇಡುತ್ತೇನೆ. ಬೆಲೆಯಿರುವ ದಿನಪತ್ರಿಕೆ, ರಟ್ಟು, ಬಿಯರ್ ಬಾಟಲಿ, ಅಲ್ಯುಮಿನಿಯಂ ಎಲ್ಲವನ್ನೂ ನಾವು ಮಾರಿಕೊಂಡು, ಉಳಿದ ಚಿಪ್ಸ್ ಕವರು, ಹರಿದ ಚಪ್ಪಲಿ, ಥರ್ಮೊಕೋಲುಗಳನ್ನು ಮಾತ್ರ ಕೇಂದ್ರಕ್ಕೆ ಕೊಟ್ಟರೆ, ಅದನ್ನು ನಡೆಸುವವರು ಬಾಡಿಗೆ, ಕೂಲಿಗಳನ್ನು ಯಾವುದರಿಂದ ಕೊಡಬೇಕು? ನಮ್ಮ ಮನೆಯಲ್ಲಿ ಈಗ ದಿನಪತ್ರಿಕೆಗಳು ಗುಜರಿಯವರಿಗೆ, ರಟ್ಟು ಮತ್ತು ಬಾಟಲಿಗಳು ಕೇಂದ್ರಕ್ಕೆ ಎಂದು ಹಂಚಿಕೊಂಡಿದ್ದೇವೆ. ಪೇಪರಿನ ತೂಕದಲ್ಲಿ ನೂರು ಗ್ರಾಂ ಆಚೀಚೆಯಾಯಿತೆಂದು ತಕ್ಕಡಿಯ ಮುಂದೆ ವಾದ ಮಾಡುವುದನ್ನೂ ನಿಲ್ಲಿಸಿದ್ದೇವೆ.

ತಾರಸಿಯಲ್ಲಿ ಮಣ್ಣಿನ ಕುಡಿಕೆ ಇಟ್ಟು ಗೊಬ್ಬರ ಮಾಡಲು ಹೊರಟೆ. ಹತ್ತು ದಿನಕ್ಕೇ ಕೊಳೆತ ಮೊಟ್ಟೆಯ ವಾಸನೆ, ಮೇಲೆ ಬಿಳಿ ಹುಳುಗಳು. ಅತ್ತೆಯವರು ಎಲ್ಲವನ್ನೂ ಎಸೆಯಿರಿ ಎನ್ನುತ್ತಿದ್ದಾರೆ. ಏನು ಮಾಡಲಿ?
— ಸೊಸೆ, ಬನಶಂಕರಿ 3ನೇ ಹಂತ

ಎಸೆಯಬೇಡಿ, ಒಂದು ವಾರದ ಗಡುವನ್ನು ಅತ್ತೆಯವರಿಂದ ಕೇಳಿಕೊಳ್ಳಿ. ಕೊಳೆತ ಮೊಟ್ಟೆಯ ವಾಸನೆ ಬಂತೆಂದರೆ ಕುಡಿಕೆಯೊಳಗೆ ಗಾಳಿ ಸಾಲದು, ನೀರು ಹೆಚ್ಚು ಎಂದರ್ಥ. ಗಾಳಿ ಬಯಸುವ ಸೂಕ್ಷ್ಮಜೀವಿಗಳು ಉಸಿರುಗಟ್ಟಿ ಸತ್ತು, ಗಾಳಿಯಿಲ್ಲದೆ ಬದುಕುವ ಇನ್ನೊಂದು ಬಗೆಯವು ಅಲ್ಲಿ ಮನೆ ಮಾಡಿವೆ. ನಾರುವುದು ಅವುಗಳ ಕೆಲಸದಿಂದ.

ಗೊಬ್ಬರದ ಲೆಕ್ಕ ನಮ್ಮ ಊಟದ ಲೆಕ್ಕದಂತೆಯೇ. ತರಕಾರಿ ಸಿಪ್ಪೆ, ಉಳಿದ ಅನ್ನದಲ್ಲಿ ಸಾರಜನಕ ಮತ್ತು ನೀರು ಹೆಚ್ಚು. ಒಣ ಎಲೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟುಗಳಲ್ಲಿ ಇಂಗಾಲ ಹೆಚ್ಚು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಸೇರಿದರೆ ಸೂಕ್ಷ್ಮಜೀವಿಗಳಿಗೆ ಹದವಾದ ಊಟ. ತಕ್ಕಡಿ ಹಿಡಿಯಬೇಕಾಗಿಲ್ಲ, ದಿನವೂ ಹಾಕುವ ಹಸಿ ಕಸದಷ್ಟೇ ಗಾತ್ರದ ಒಣ ಎಲೆಯನ್ನೋ, ಅದರ ಅರ್ಧದಷ್ಟು ನಾರಿನ ಪುಡಿಯನ್ನೋ ಮೇಲೆ ಮುಚ್ಚಿದರೆ ಸಾಕು. ಬನಶಂಕರಿಯ ರಸ್ತೆಗಳಲ್ಲಿ ಹೊಂಗೆಯ ಎಲೆ ಉದುರುವ ಕಾಲದಲ್ಲಿ ಎರಡು ಮೂಟೆ ತುಂಬಿಟ್ಟುಕೊಂಡರೆ ವರ್ಷವೆಲ್ಲ ಬರುತ್ತದೆ, ಗುಡಿಸುವವರಿಗೂ ಉಪಕಾರವಾಗುತ್ತದೆ.

ಈಗ ಮಾಡಬೇಕಾದದ್ದು: ಕುಡಿಕೆಯಲ್ಲಿರುವುದನ್ನೆಲ್ಲ ಒಂದು ಹಳೆಯ ಗೋಣಿಚೀಲದ ಮೇಲೆ ಸುರಿದು, ಧಾರಾಳವಾಗಿ ಒಣ ಎಲೆ ಬೆರೆಸಿ, ಒಂದು ಹಿಡಿಯಷ್ಟನ್ನು ಅಂಗೈಯಲ್ಲಿ ಹಿಂಡಿ ನೋಡಿ. ಬೆರಳ ಸಂದಿಯಿಂದ ನೀರು ಸುರಿದರೆ ಇನ್ನಷ್ಟು ಎಲೆ ಬೇಕು. ಒಂದೆರಡು ಹನಿ ಮಾತ್ರ ಮೂಡಿ ಉಂಡೆ ನಿಂತರೆ ಹದ ಬಂದಿದೆ. ಸ್ವಲ್ಪ ಹಳೆಯ ಗೊಬ್ಬರ ಅಥವಾ ಒಂದು ಲೋಟ ಹುಳಿ ಮಜ್ಜಿಗೆ ಬೆರೆಸಿ, ಮತ್ತೆ ಕುಡಿಕೆಗೆ ತುಂಬಿ. ಮೂರು ದಿನಕ್ಕೊಮ್ಮೆ ಕೋಲಿನಿಂದ ತಳದವರೆಗೆ ಕೆದಕಿ. ಎರಡನೆಯ ವಾರದಲ್ಲಿ ಕೈಯಿಟ್ಟರೆ ಒಳಗೆ ಬೆಚ್ಚಗಿರುತ್ತದೆ, ಮೇಲೆ ಬಿಳಿ ಬೂಷ್ಟು ಬಂದರೆ ಅದು ಒಳ್ಳೆಯ ಲಕ್ಷಣ. ನೀವು ಕಂಡ ಹುಳುಗಳು ಬಹುಶಃ ಸೈನಿಕ ನೊಣ ಎಂದು ಕರೆಯುವ ಕಪ್ಪು ನೊಣದ ಮರಿಗಳು. ಅವು ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಕಸವನ್ನು ನಮಗಿಂತ ಚುರುಕಾಗಿ ತಿಂದು ಮುಗಿಸುತ್ತವೆ. ಒಣ ಪದರ ದಪ್ಪವಾದರೆ ತಾವೇ ಕಡಿಮೆಯಾಗುತ್ತವೆ. ಈ ವಿವರವನ್ನು ಅತ್ತೆಯವರಿಗೆ ಹೇಳುವುದೋ ಬಿಡುವುದೋ ನಿಮ್ಮ ವಿವೇಚನೆಗೆ ಬಿಟ್ಟದ್ದು.

ಮಾವಿನ ಓಟೆ, ತೆಂಗಿನ ಚಿಪ್ಪು, ಮೂಳೆಗಳು ಕುಡಿಕೆಯಲ್ಲಿ ವರ್ಷವಾದರೂ ಹಾಗೇ ಇರುತ್ತವೆ, ಅವನ್ನು ಹಾಕಬೇಡಿ. ಕಬ್ಬು, ಹಲಸಿನ ಸಿಪ್ಪೆಗಳನ್ನು ಸಣ್ಣಗೆ ಹೆಚ್ಚಿ ಹಾಕಿ. ಕಣ್ಣಾರೆ ನೋಡಿ ಕಲಿಯುವ ಮನಸ್ಸಿದ್ದರೆ ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛ ಗೃಹ ಕಲಿಕಾ ಕೇಂದ್ರಕ್ಕೆ ಅತ್ತೆಯವರನ್ನೂ ಕರೆದುಕೊಂಡು ಹೋಗಿಬನ್ನಿ, ಅಲ್ಲಿ ನಾನಾ ಬಗೆಯ ಗೊಬ್ಬರದ ಪಾತ್ರೆಗಳನ್ನು ಒಂದೇ ಕಡೆ ಇಟ್ಟಿದ್ದಾರೆ. ಬೆಂಗಳೂರಿನ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಯದೇ. ಅದು ತಾರಸಿಯಲ್ಲೇ ಉಳಿದುಬಿಟ್ಟರೆ ಗಾಡಿಗೆ ಕೊಡಲು ನಿಮ್ಮಲ್ಲಿ ಹೆಚ್ಚೇನೂ ಇರುವುದಿಲ್ಲ.

ನಮ್ಮದು 180 ಮನೆಗಳ ಅಪಾರ್ಟ್‌ಮೆಂಟು. ಪಾಲಿಕೆಯ ಗಾಡಿ ನಮ್ಮ ಕಸ ತೆಗೆದುಕೊಳ್ಳುವುದಿಲ್ಲ, ಖಾಸಗಿಯವರಿಗೆ ಹಣ ಕೊಡಬೇಕಾಗಿದೆ. ಇದು ನ್ಯಾಯವೇ?
— ಸಂಘದ ಕಾರ್ಯದರ್ಶಿ, ವೈಟ್‌ಫೀಲ್ಡ್

ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಹುಟ್ಟುವ ಕಡೆಗಳನ್ನು 2016ರ ನಿಯಮಗಳು ಭಾರಿ ಪ್ರಮಾಣದ ಉತ್ಪಾದಕರೆಂದು ಗುರುತಿಸಿದವು. 5,000 ಚದರ ಮೀಟರಿಗಿಂತ ದೊಡ್ಡ ಆವರಣಗಳು ಹಸಿ ಕಸವನ್ನು ಸಾಧ್ಯವಾದಷ್ಟು ತಮ್ಮಲ್ಲಿಯೇ ಸಂಸ್ಕರಿಸಬೇಕೆಂದೂ ಹೇಳಿದವು. 180 ಮನೆಗಳಿಂದ ನೂರು ಕಿಲೋ ದಾಟುವುದು ಕಷ್ಟವೇನಲ್ಲ. ನ್ಯಾಯವೋ ಅಲ್ಲವೋ ಎಂಬ ಚರ್ಚೆಗಿಂತ, ಖಾಸಗಿಯವರೊಂದಿಗಿನ ಒಪ್ಪಂದವನ್ನು ಬಿಗಿ ಮಾಡಿಕೊಳ್ಳಿ: ಕಸ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಪ್ರತಿ ತಿಂಗಳೂ ತೂಕದ ಚೀಟಿ ಕೇಳಿ, ವರ್ಷಕ್ಕೊಮ್ಮೆ ಇಬ್ಬರು ಸದಸ್ಯರು ಆ ಲಾರಿಯ ಹಿಂದೆಯೇ ಹೋಗಿ ನೋಡಿಬನ್ನಿ. ನನಗೆ ಪರಿಚಯದ ಒಂದು ಸಂಘದವರು ಹಾಗೆ ಹೋದಾಗ ಲಾರಿ ಕೆರೆಯಂಚಿಗೆ ಹೋಗಿ ನಿಂತಿತ್ತು. ಇನ್ನೊಂದು ಮುಖ್ಯ ವಿಷಯ, ವಿಂಗಡಣೆಯನ್ನು ಮನೆಗೆಲಸದವರ ಮೇಲೆ ಹೊರಿಸಿ ನೋಟೀಸು ಅಂಟಿಸಿದರೆ ಸಾಲದು. ಅವರನ್ನು ಕರೆದು, ಕನ್ನಡದಲ್ಲಿ, ತಮಿಳಿನಲ್ಲಿ, ಹಿಂದಿಯಲ್ಲಿ, ವಸ್ತುಗಳನ್ನೇ ಮುಂದಿಟ್ಟು ತೋರಿಸಿ. ಮನೆಯ ಯಜಮಾನರಿಗೂ ಅದೇ ಪಾಠ ಬೇಕಾಗಿದೆ ಎಂಬುದು ಅಲ್ಲಿ ತಾನೇ ಬಯಲಾಗುತ್ತದೆ.

ಆಸ್ತಿ ತೆರಿಗೆಯ ಜೊತೆ ಕಸಕ್ಕೂ ಶುಲ್ಕ ಸೇರಿಸಿದ್ದಾರೆ. ಏಕೆ?
— ಮನೆ ಮಾಲೀಕರು, ವಿಜಯನಗರ

2025ರ ಏಪ್ರಿಲ್‌ನಿಂದ ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ಬಳಕೆದಾರರ ಶುಲ್ಕವನ್ನು ತೆರಿಗೆಯ ಜೊತೆ ಸೇರಿಸಲಾಗಿದೆ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದು ಭಾಗವಾದರೂ ಕಸದ ಕೆಲಸ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತದ ಕೈಯಲ್ಲೇ ಉಳಿದಿದೆ. ಹಣ ಕೊಟ್ಟ ಮೇಲೆ ಗಾಡಿ ಬಾರದ ದಿನ ಕೇಳುವುದು ಸುಲಭವಾಯಿತೆಂದು ತಿಳಿಯಿರಿ.

ಹಳೆಯ ಮೊಬೈಲು, ಟ್ಯೂಬ್‌ಲೈಟು, ಬ್ಯಾಟರಿ ಸೆಲ್ಲು, ಅವಧಿ ಮೀರಿದ ಮಾತ್ರೆಗಳನ್ನು ಯಾವ ಬುಟ್ಟಿಗೆ ಹಾಕಬೇಕು?
— ಓದುಗರು, ಹೆಬ್ಬಾಳ

ಮೂರರಲ್ಲಿ ಯಾವುದಕ್ಕೂ ಹಾಕಬೇಡಿ. ಮನೆಯಲ್ಲಿ ಒಂದು ಹಳೆಯ ಶೂ ಡಬ್ಬಿಯನ್ನು ಇದಕ್ಕೆಂದೇ ಇಟ್ಟುಕೊಂಡು, ತುಂಬಿದ ಮೇಲೆ ಒಣ ತ್ಯಾಜ್ಯ ಕೇಂದ್ರದಲ್ಲಿ ಅಥವಾ ಇ-ತ್ಯಾಜ್ಯ ಸಂಗ್ರಹಿಸುವ ಅಂಗಡಿಗಳಲ್ಲಿ ಹೇಳಿ ಕೊಡಿ. ಟ್ಯೂಬ್‌ಲೈಟು ಮತ್ತು ಸುರುಳಿ ಬಲ್ಬುಗಳಲ್ಲಿ ಪಾದರಸದ ಆವಿಯಿರುತ್ತದೆ, ಒಡೆಯದಂತೆ ಅದರದೇ ರಟ್ಟಿನ ಕೊಳವೆಯಲ್ಲಿಡಿ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು, ಕಸ ಒತ್ತಿ ತುಂಬುವ ಗಾಡಿಗೆ ಹಾಕಿದರೆ ಬೆಂಕಿ ಹತ್ತಬಹುದು. ಅದರ ತುದಿಗಳಿಗೆ ಅಂಟುಪಟ್ಟಿ ಸುತ್ತಿ ಬೇರೆ ಇಡಿ. ಮಾತ್ರೆಗಳನ್ನು ಶೌಚಾಲಯಕ್ಕೆ ಸುರಿಯಬೇಡಿ.

ಆಯುಧಪೂಜೆಯ ಮರುದಿನ ನಮ್ಮ ರಸ್ತೆಯಲ್ಲಿ ಒಡೆದ ಬೂದುಗುಂಬಳ, ಬಾಳೆಕಂದುಗಳ ರಾಶಿ. ಹಬ್ಬದ ಕಸವನ್ನು ಹೇಗೆ ಕೊಡಬೇಕು?
— ಗ್ಯಾರೇಜ್ ನಡೆಸುವವರು, ಲಾಲ್‌ಬಾಗ್ ರಸ್ತೆ

ನೀವೇ ಕೇಳಿದ್ದು ಸಂತೋಷ, ಏಕೆಂದರೆ ಹೆಚ್ಚು ಗುಂಬಳ ಒಡೆಯುವುದು ಗ್ಯಾರೇಜುಗಳ ಮುಂದೆಯೇ. ದೃಷ್ಟಿ ತೆಗೆದು ಒಡೆದ ಮೇಲೆ, ಅರ್ಧ ಗಂಟೆ ಬಿಟ್ಟು ಹೋಳುಗಳನ್ನು ಎತ್ತಿ ಗೋಣಿಚೀಲಕ್ಕೆ ತುಂಬಿಡಿ. ಸಂಜೆಯ ಕತ್ತಲಲ್ಲಿ ಆ ಹೋಳಿನ ಮೇಲೆ ಸ್ಕೂಟರು ಜಾರಿ ಬಿದ್ದವರನ್ನು ನೀವೇ ಕಂಡಿರುತ್ತೀರಿ. ಗುಂಬಳದೊಳಗೆ ಹಾಕಿದ ನಾಣ್ಯಗಳನ್ನು ಆರಿಸಿಕೊಳ್ಳಿ. ಬಾಳೆಕಂದು, ಮಾವಿನ ತೋರಣ, ಹೂವಿನ ಹಾರಗಳು ಹಸಿ ಕಸವೇ ಆದರೂ, ಹಾರದ ಪ್ಲಾಸ್ಟಿಕ್ ದಾರ ಮತ್ತು ಜರಿಯ ಪಟ್ಟಿಗಳನ್ನು ಕತ್ತರಿಸಿ ತೆಗೆಯಬೇಕು, ಏಕೆಂದರೆ ಕಸ ಪುಡಿ ಮಾಡುವ ಯಂತ್ರದ ಹಲ್ಲುಗಳಿಗೆ ದಾರ ಸುತ್ತಿಕೊಂಡರೆ ಯಂತ್ರವನ್ನು ನಿಲ್ಲಿಸಿ ಕೈಯಿಂದಲೇ ಬಿಡಿಸಬೇಕಾಗುತ್ತದೆ. ಬಾಳೆಕಂದನ್ನು ಮೊಳದುದ್ದದ ತುಂಡು ಮಾಡಿ ಕೊಟ್ಟರೆ ಗಾಡಿಯವರು ಬೇಡವೆನ್ನುವುದಿಲ್ಲ. ಆ ದಿನ ಗಾಡಿ ತಡವಾಗಿ ಬರುತ್ತದೆ; ಚೀಲವನ್ನು ರಸ್ತೆಗಿಡದೆ ಗ್ಯಾರೇಜಿನ ಒಳಗೇ ನೆರಳಿನಲ್ಲಿಟ್ಟುಕೊಂಡಿರಿ.